ಮೋಡಪಾದನಿಗೆ ಬಸವನಗುಡಿಯಲ್ಲಿ ಬಾಡಿಗೆ ಮನೆ

‘ಮೋಡಪಾದ’ ಸಿನಿಮಾದ ಎರಡನೇ ಭಾಗ ಹಾಳಾಯಿತು ಎನ್ನುವವರೆಲ್ಲ ಕೊಡುವ ಕಾರಣ ಒಂದೇ: ಹೀರೋ ಅರ್ಧ ಸಿನಿಮಾ ಬಾಡಿಗೆ ಮನೆ ಹುಡುಕುತ್ತಾನೆ. ಮೊದಲ ಭಾಗದಲ್ಲಿ ಆಕಾಶದಲ್ಲಿ ನಡೆದಾಡಿ ಊರನ್ನೇ ಉಳಿಸಿದ ಆಸಾಮಿ, ಎರಡನೇ ಭಾಗದಲ್ಲಿ ಯಾರೂ ಗುರುತಿಲ್ಲದ ನಗರಕ್ಕೆ ಬಂದು ಗೇಟಿನಿಂದ ಗೇಟಿಗೆ ಅಲೆಯುತ್ತಾನೆ. ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಕಲಬುರಗಿಯಲ್ಲಿ ನಾವು ಕಾಲೇಜಿನ ಗೆಳೆಯರೆಲ್ಲ ಸೇರಿ ನೋಡಲು ಹೋಗಿದ್ದೆವು, ನೆನಪಿದೆಯಲ್ಲ? ಮಧ್ಯಂತರಕ್ಕೆ ನಮ್ಮ ಸಾಲು ಪೂರ್ತಿ ಎದ್ದು ಹೊರಗೆ ಬಂತು. ನಾನೂ ಬಂದೆ. ಮಿರ್ಚಿ ಭಜಿ ತಿನ್ನುತ್ತ ಆ ಸಿನಿಮಾವನ್ನು ಎಲ್ಲರಿಗಿಂತ ಜೋರಾಗಿ ಜಾಲಾಡಿದವಳೂ ನಾನೇ.

ಆ ತೀರ್ಪನ್ನು ಇಂದು ವಾಪಸ್ ಪಡೆಯುತ್ತಿದ್ದೇನೆ. ಸಿನಿಮಾ ನಿಧಾನವಾಗಿರಲಿಲ್ಲ. ನಮಗೆಲ್ಲ ಆಗ ವಾಪಸ್ ಹೋಗಲು ಮನೆಯಿತ್ತು, ಅಷ್ಟೇ.

ಜೊತೆಗೆ ಇನ್ನೊಂದು ತೀರ್ಪನ್ನೂ ಮರುಪರಿಶೀಲನೆಗೆ ಹಾಕಿ. ಯಾರೇ ಬಂದರೂ ಬೆಂಗಳೂರು ಒಳಗೆ ಕರೆದುಕೊಳ್ಳುತ್ತದೆ ಎಂಬ ಮಾತು. ಇಲ್ಲಿಗೆ ಬಂದು ನೆಲೆಸಿದವರು ಊರಿಗೆ ಬಂದಾಗಲೆಲ್ಲ ಇದನ್ನೇ ಹೇಳುತ್ತಾರೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಹೇಳಿದ್ದರೆ ನಾನು ಕೇಳುತ್ತಿದ್ದದ್ದು ಒಂದೇ: ಯಾವ ಬಾಗಿಲಿನಿಂದ?

ನಾನು ಬಂದ ಮೂರನೇ ದಿನ, ಬಸವನಗುಡಿಯ ಒಂದು ಮನೆಯ ಗ್ರಿಲ್ಲಿನಾಚೆ ನಿಂತ ಯಜಮಾನರು, ನನ್ನ ಹೆಸರನ್ನೂ ಕೇಳದೆ, “ಅಡುಗೆಗೆ ಬೆಳ್ಳುಳ್ಳಿ ಹಾಕ್ತೀರಾ?” ಎಂದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಬೀಳದ ಪದಾರ್ಥ ಎಂದರೆ ಚಹಾ ಒಂದೇ. “ಹಾಕ್ತೀನ್ರಿ” ಎಂದೆ.

“ಹಾಗಾದ್ರೆ ಆಗಲ್ಲಮ್ಮ” ಎಂದರು, ಬಹಳ ಮರ್ಯಾದೆಯಿಂದ. ಆಮೇಲೆ, “ಬಿಸಿಲಲ್ಲಿ ಬಂದಿದೀರ, ನೀರು ಕೊಡ್ಲಾ?” ಎಂದು ಸ್ಟೀಲ್ ಲೋಟದಲ್ಲಿ ನೀರು ತಂದು ಗ್ರಿಲ್ಲಿನ ಸಂದಿಯಿಂದ ಕೊಟ್ಟರು. ಕಲಬುರಗಿಯಿಂದ ಬಂದವಳ ಮುಂದೆ ಅವರು ಅದನ್ನು ಬಿಸಿಲು ಎಂದು ಕರೆದದ್ದು ನನಗೆ ಆ ದಿನದ ಎರಡನೇ ಆಘಾತ. ನೀರು ಕುಡಿದೆ, ಲೋಟವನ್ನು ಅದೇ ಸಂದಿಯಿಂದ ವಾಪಸ್ ಕೊಟ್ಟೆ. ಬೇಡ ಎನ್ನುವುದನ್ನೂ ಇಷ್ಟು ಉಪಚಾರದಿಂದ ಹೇಳುವ ಊರನ್ನು ನಾನು ನೋಡಿರಲಿಲ್ಲ. ನಮ್ಮಲ್ಲಾದರೆ ಬೈದು ಕಳಿಸುತ್ತಾರೆ. ಬೈದರೆ ವಾದ ಮಾಡಬಹುದು. ನೀರು ಕೊಟ್ಟವರ ಜೊತೆ ಏನು ವಾದ ಮಾಡುವುದು?

ಆ ಗೇಟಿನಿಂದ ಹೊರಟಾಗಲೇ ಮೋಡಪಾದ ನೆನಪಾದದ್ದು.

ಸಿನಿಮಾ ನೋಡದವರಿಗೆ ಎರಡು ಮಾತು. ಮೋಡಪಾದನ ಶಕ್ತಿ ಎಂದರೆ ಅವನ ಪಾದ ನೆಲ ಬಿಟ್ಟು ಮೇಲೇಳುವುದು. ಬೇಕೆಂದಾಗ ಏಳುತ್ತದೆ, ನಿದ್ದೆಯಲ್ಲಿ ತಾನಾಗಿ ಏಳುತ್ತದೆ, ಖುಷಿಯಾದರೆ ತಡೆಯಲು ಹೋದರೂ ಏಳುತ್ತದೆ. ಮೊದಲ ಭಾಗದ ಹೊಡೆದಾಟಗಳಲ್ಲಿ ಎಷ್ಟೋ ಮನೆಗಳ ಸೂರು ಹಾರಿಹೋಗಿರುತ್ತದೆ. ಆ ಸುದ್ದಿ ಹರಡಿ, ಎರಡನೇ ಭಾಗದ ನಗರದಲ್ಲಿ ಎಲ್ಲ ಗೇಟಿನ ಮೇಲೂ ಒಂದೇ ಬೋರ್ಡು: ‘ನೆಲದ ಮೇಲೆ ನಡೆಯುವವರಿಗೆ ಮಾತ್ರ’. ಅವನು ಜೇಬಿಗೆ ಕಬ್ಬಿಣದ ತೂಕದ ಬಟ್ಟು ತುಂಬಿಕೊಂಡು, ನೆಲದ ಮೇಲೆ ನಡೆಯುವವನಂತೆ ನಟಿಸಿ, ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಹಿಡಿಯುತ್ತಾನೆ. ಕತೆ ಇಷ್ಟೇ.

ನನ್ನದೂ ಇಷ್ಟೇ. ಕಾನೂನು ಓದಿ, ಕುಮಾರ ಪಾರ್ಕಿನ ಒಬ್ಬ ವಕೀಲರ ಬಳಿ ಜೂನಿಯರ್ ಆಗಿ ಸೇರಲು ಬಂದವಳು ನಾನು. ನಮ್ಮದು ಅಜ್ಜನ ಕಾಲದಲ್ಲಿ ಬೌದ್ಧರಾದ ದಲಿತ ಕುಟುಂಬ. ಅದು ನಿಮಗೆ ಗೊತ್ತು, ಇಲ್ಲಿನವರಿಗೆ ಗೊತ್ತಿಲ್ಲ. ಹನ್ನೊಂದು ಮನೆ ನೋಡಿದೆ. ಬೆಳ್ಳುಳ್ಳಿ ಒಂದೇ ಮನೆಯ ಪ್ರಶ್ನೆ. ಉಳಿದ ಕಡೆ “ಹೆಸರು?” “ಸುಜಾತಾ.” “ಸುಜಾತಾ, ಮುಂದೆ?” ಎಂಬುದು ಪ್ರಶ್ನೆ. “ಮುಂದೆ ಏನಿಲ್ಲ, ಸುಜಾತಾ ಅಷ್ಟೇ” ಎಂದರೆ ಅವರ ಕಣ್ಣು ನನ್ನ ಹಣೆ, ಕೊರಳು, ಚಪ್ಪಲಿ ಎಲ್ಲ ಸುತ್ತಿ ಬರುತ್ತಿತ್ತು. ಹನ್ನೆರಡನೇ ಮನೆಗೆ ಹೋಗುವ ಮೊದಲು ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ಓನರ್ ತುಂಬ ಮಡಿ. ಬೋರ್ಡಲ್ಲೇ ಸಸ್ಯಾಹಾರಿಗಳಿಗೆ ಮಾತ್ರ ಅಂತ ಬರ್ಸಿದಾರೆ. ಪ್ಯೂರ್ ವೆಜ್ ಅಂದ್ಬಿಡಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ” ಎಂದ.

ಅಂದುಬಿಟ್ಟೆ. ಚರ್ಚಾಸ್ಪರ್ಧೆಯ ತಾಲೀಮು ಕೊಡುವ ಸೌಕರ್ಯ ಇದು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಯಾವ ಚೀಟಿ ಬಂದರೂ ಅದೇ ನನ್ನ ಜೀವಮಾನದ ನಂಬಿಕೆ ಎಂಬಂತೆ ಮಾತಾಡಬೇಕು. ನಾನು ಜಯಮ್ಮ ಎಂಬ ಆ ಮನೆಯೊಡತಿಯ ಮುಂದೆ ನಿಂತು, ಮೊಟ್ಟೆಯ ವಾಸನೆಗೂ ತಲೆ ಸುತ್ತುವ ಹುಡುಗಿಯಾಗಿ ಎರಡು ನಿಮಿಷ ಮಾತಾಡಿದೆ. ಮಹಡಿಯ ಪೋರ್ಷನ್ ಸಿಕ್ಕಿತು. ಮನೆಯನ್ನು ತುಂಡು ಮಾಡಿ ಬಾಡಿಗೆಗೆ ಬಿಟ್ಟರೆ ಒಂದೊಂದು ತುಂಡಿಗೂ ಇಲ್ಲಿ ಪೋರ್ಷನ್ ಅನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ಅಡುಗೆ ಕಟ್ಟೆ, ಹಿಂದುಗಡೆ ಒಂದು ಸಣ್ಣ ತಾರಸಿ. ಬುದ್ಧನ ಪಟವನ್ನು ಟ್ರಂಕಿನಿಂದ ಹೊರಗೆ ತೆಗೆಯಲಿಲ್ಲ.

ಆ ತಾರಸಿಗೆ ಕಾಲಿಟ್ಟವಳು ನಕ್ಕುಬಿಟ್ಟೆ. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು! ನಮ್ಮೂರ ಪಕ್ಕದ ಗಣಿಯ ಕಲ್ಲು ನನಗಿಂತ ಎಷ್ಟೋ ಮೊದಲು ಇಲ್ಲಿಗೆ ಬಂದು, ಯಾರ ಪ್ರಶ್ನೆಗೂ ಉತ್ತರಿಸದೆ, ಬಸವನಗುಡಿಯಲ್ಲಿ ಜಾಗ ಹಿಡಿದಿತ್ತು. ತರಗುಪೇಟೆಯಲ್ಲೂ ಹೀಗೇ ಆಯಿತು. ಅಲ್ಲಿನ ಸಗಟು ಅಂಗಡಿಯಲ್ಲಿ ಒಬ್ಬರು ತೊಗರಿ ಬೇಳೆಯನ್ನು ಅಂಗೈಯಲ್ಲಿ ಹರಡಿ “ಗುಲ್ಬರ್ಗದ್ದೇನಾ?” ಎಂದು ಕೇಳುತ್ತಿದ್ದರು, ಹೌದೆಂದ ಕೂಡಲೇ ಮುಖ ಅರಳಿತು. ಬೇಳೆಗೆ ಆ ಪ್ರಶ್ನೆ ಕೇಳಿದರೆ ಮಾನ ಹೆಚ್ಚುತ್ತದೆ, ನನಗೆ ಕೇಳಿದರೆ ಗೇಟು ಮುಚ್ಚುತ್ತದೆ. ಇದು ದೂರಲ್ಲ, ದಾಖಲೆ.

ದೂರು ಹೇಳಲು ನನಗೆ ಪುರುಸೊತ್ತೂ ಇರಲಿಲ್ಲ. ಕಲಿಯುವುದು ಬೇಕಾದಷ್ಟಿತ್ತು. ಇಲ್ಲಿನವರು ‘ಮನೆಗೆ ಬನ್ನಿ ಒಂದ್ಸಲ’ ಎಂದರೆ ಮಾತು ಮುಗಿಯಿತು ಎಂದರ್ಥ. ‘ನೋಡೋಣ’ ಎಂದರೆ ಇಲ್ಲ ಎಂದರ್ಥ. ಕೋರ್ಟಿನಲ್ಲಿ ನಾನು “ಹೌದ್ರಿ” ಎಂದಾಗ ತಿರುಗಿ ನೋಡುತ್ತಿದ್ದವರು, ಎರಡು ತಿಂಗಳಾದ ಮೇಲೆ ತಾವೇ “ಏನ್ರೀ ಸುಜಾತಾ” ಎನ್ನತೊಡಗಿದರು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಆಫೀಸಿನ ಹತ್ತಿರದ ಮೆಸ್ಸಿನಲ್ಲಿ ಕಲಿತೆ. ಮೊದಲ ದಿನ ಅಗಿದು ಅಗಿದು ದವಡೆ ನೋಯಿಸಿಕೊಂಡಿದ್ದನ್ನು ನೋಡಿ ಬಡಿಸುವವರೇ “ಅಮ್ಮಾ, ಅದು ಚೂಯಿಂಗ್ ಗಮ್ ಅಲ್ಲ” ಎಂದಿದ್ದರು. ಇವೆಲ್ಲ ಗೆಲುವುಗಳೇ. ಸೋಲು ಸಂಜೆ ಹೊತ್ತಿಗೆ ಬರುತ್ತಿತ್ತು. ಎದುರು ಮನೆಗಳಲ್ಲಿ ಒಗ್ಗರಣೆ ಸಿಡಿಯುವಾಗ ನಾನು ಕಿಟಕಿ ಮುಚ್ಚಿ, ಕೆಟಲ್ಲಿನಲ್ಲಿ ಮೊಟ್ಟೆ ಬೇಯಿಸಿ, ಸಿಪ್ಪೆಯನ್ನು ಆಫೀಸಿನಿಂದ ತಂದ ಇಂಗ್ಲಿಷ್ ಪೇಪರಿನಲ್ಲಿ ಸುತ್ತಿ ಇಡೀ ಮನೆಗೆ ಒಂದೇ ಇದ್ದ ಒಣ ಕಸದ ಬುಟ್ಟಿಯ ತಳಕ್ಕೆ ತಳ್ಳುತ್ತಿದ್ದೆ.

ಒಂದು ಸಂಜೆ ಹಾಗೆ ಸಿಪ್ಪೆ ಸುತ್ತುತ್ತ ಫೋನಿನಲ್ಲಿ ‘ಮೋಡಪಾದ ೨’ ಹಾಕಿದೆ. ಈ ಸಲ ಎದ್ದು ಹೋಗಲಿಲ್ಲ.

ನಾವು ಬಿಟ್ಟು ಬಂದ ಆ ಎರಡನೇ ಅರ್ಧದಲ್ಲಿ ಏನಿದೆ ಗೊತ್ತೇ? ಮೋಡಪಾದ ದಿನಾ ಕಾಲನ್ನು ಮಂಚಕ್ಕೆ ಕಟ್ಟಿಕೊಂಡು ಮಲಗುತ್ತಾನೆ. ಹಬ್ಬದ ದಿನ ಮನೆಯೊಡತಿ ಅವನಿಗೆಂದೇ ಒಂದು ತಟ್ಟೆ ಹೋಳಿಗೆ ತರುತ್ತಾಳೆ. ಇಡೀ ನಗರದಲ್ಲಿ ಅವನಿಗಾಗಿ ಯಾರೋ ಮಾಡಿದ ಮೊದಲ ಕೆಲಸ ಅದು. ಖುಷಿಗೆ ಅವನ ಹಿಮ್ಮಡಿ ಮೇಲೇಳತೊಡಗುತ್ತದೆ. ಅವನು ಬಲಗೈಯಲ್ಲಿ ತಟ್ಟೆ ಹಿಡಿದು, ಎಡಗೈಯಲ್ಲಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ತನ್ನನ್ನು ತಾನೇ ಕೆಳಗೆ ಎಳೆದುಕೊಳ್ಳುತ್ತ, “ತುಂಬ ಚೆನ್ನಾಗಿದೆ ಅಮ್ಮ” ಎನ್ನುತ್ತಾನೆ. ಹೊಡೆದಾಟ ಇಲ್ಲ ಎಂದವರು ಯಾರು? ಹೊಡೆದಾಟ ಆ ಬೆರಳುಗಳಲ್ಲಿದೆ.

ಇದನ್ನು ನಾನು ಆಫೀಸಿನಲ್ಲಿ ಕಿರಣನ ಮುಂದೆ ಮಂಡಿಸಿದೆ. ಕಿರಣ ನನ್ನಂತೆಯೇ ಜೂನಿಯರ್, ಮಲ್ಲೇಶ್ವರದವನು.

“ಗುರು, ಸೀಕ್ವೆಲ್ ಅಂದ್ರೆ ಎಲ್ಲಾ ಡಬಲ್ ಇರ್ಬೇಕು. ಇದ್ರಲ್ಲಿ ಅರ್ಧಾನೂ ಇಲ್ಲ” ಎಂದ.

“ನಿಮ್ಮ ಮನೆ ಸ್ವಂತದ್ದಾ?”

“ಹೂಂ, ತಾತ ಕಟ್ಸಿದ್ದು. ಯಾಕೆ?”

“ಸಾಕ್ಷಿಯನ್ನ ಇನ್ನು ಕಳಿಸಬಹುದು” ಎಂದೆ. ಅವನಿಗೆ ನಗದೆ ಇರಲಾಗಲಿಲ್ಲ. ಆದರೂ ಬಿಡಲಿಲ್ಲ. “ಅದೆಲ್ಲ ಸರಿ, ಕ್ಲೈಮ್ಯಾಕ್ಸ್? ಮಳೇಲಿ ಒಂದು ಗೋಡೆ ಹಿಡ್ಕೊಂಡು ನಿಂತ್ಕೋತಾನೆ, ಅಷ್ಟೇ!”

ಅಷ್ಟೇ. ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಆ ಮುದುಕಿಯ ಮನೆ ಗೋಡೆ ಬಿರಿಯುತ್ತದೆ. ಮೋಡಪಾದ ಒಳಗಿನಿಂದ ಬೆನ್ನು ಕೊಟ್ಟು, ನೆಲದಿಂದ ಒಂದಡಿ ಮೇಲೆ, ಗಾಳಿ ನಿಲ್ಲುವ ತನಕ ಗೋಡೆಯನ್ನು ಹೊತ್ತು ನಿಲ್ಲುತ್ತಾನೆ. ಯಾರೂ ನೋಡುವುದಿಲ್ಲ. ಆಮೇಲೆ ಮುದುಕಿ ಬಂದು ಗೋಡೆ ತಟ್ಟಿ, “ನಮ್ಮನೆಯವರು ಕಟ್ಟಿಸಿದ್ದು, ಅಲುಗಾಡಲ್ಲ” ಎನ್ನುತ್ತಾಳೆ. ಅವನು “ಹೌದಮ್ಮ” ಎನ್ನುತ್ತಾನೆ. ಚಿತ್ರ ಮುಗಿಯುತ್ತದೆ. ಮೊದಲ ಭಾಗದಲ್ಲಿ ಊರು ಉಳಿಸಿದ್ದಕ್ಕೆ ಹಾರ ಬಿದ್ದಿತ್ತು. ಹಾರ ಹಾಕುವವರಿದ್ದಾಗ ಊರು ಉಳಿಸುವುದು ಏನು ಮಹಾ! ನನ್ನ ವಾದ ಇದಾಗಿತ್ತು, ಮತ್ತು ನಿಜ ಹೇಳದೆ ಉಳಿದದ್ದರಲ್ಲೇ ಅವನ ದೊಡ್ಡತನವಿದೆ ಎಂಬುದು ಅದರ ಮುಕ್ತಾಯ.

ಈ ಮುಕ್ತಾಯವನ್ನು ಒಡೆದದ್ದು ನಮ್ಮ ಮೆಹಬೂಬ್. ಕಾಲೇಜಿನಲ್ಲಿ ನನ್ನ ಚರ್ಚಾ ಜೋಡಿ, ಈಗಲೂ ಫೋನಿನಲ್ಲಿ ನನ್ನ ಏಕೈಕ ಸಮರ್ಥ ಎದುರಾಳಿ.

“ಏ ಸುಜಿ, ಇದ ಸಿನಿಮಾನ ನೀ ಭಜಿ ಅಂಗಡಿ ಮುಂದ ಹೆಂಗ ಬೈದಿ, ನಾ ಮರೆತಿಲ್ಲ. ಎರಡೂ ಕಡಿ ಮಾತಾಡಾಕಿ ನೀ. ಯಾವುದು ನಿನ್ನ ಮಾತು ಅಂತ ನಾ ಹೆಂಗ ತಿಳೀಬೇಕು?”

“ಇದು ನನ್ನ ಮಾತೇ ಅದ.”

“ಸಿನಿಮಾದ್ದೋ, ನಿಂದೋ? ನೀ ಹೇಳಿದ ಸುಳ್ಳಿಗಿ ವಕೀಲಕಿ ಮಾಡ್ಲತ್ತೀ.” ಆಮೇಲೆ ಅವನೇ ಅಂದ: “ನಾನೂ ಬೆಂಗಳೂರಿಗಿ ಬಂದಿದ್ದೆ, ಮನಿ ನೋಡ್ಲಿಕ್ಕಿ. ಗೇಟಿನಾಗ ಹೆಸರು ಕೇಳಿದ್ರು. ಮೆಹಬೂಬ್ ಅಂದೆ. ಮುಗೀತು. ನಿನ್ನ ಹೀರೋಗ ಬಟ್ಟು ತುಂಬ್ಕೊಳ್ಳಿಕ್ಕಿ ಜೇಬಾದ್ರೂ ಇತ್ತು.”

ಚರ್ಚೆಯಲ್ಲಿ ಉತ್ತರವಿಲ್ಲದಾಗ ಪ್ರಶ್ನೆಯನ್ನೇ ಪ್ರಶ್ನಿಸಬೇಕು ಎಂದು ಕಲಿಸಿದ್ದಾರೆ. ನಾನು ಯಾವ ಬೀದಿಯ ಗೇಟು ಎಂದಷ್ಟೇ ಕೇಳಿದೆ.

ಇದಾದ ವಾರಕ್ಕೆ ಕಸದ ಆಟೋ ಬಂತು. ದಿನಾ ಬರುವುದೇ. ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಬೇಕು. ನಮ್ಮ ಬೀದಿಯ ಪೌರಕಾರ್ಮಿಕೆ ರತ್ನಮ್ಮ ಈ ವಿಷಯದಲ್ಲಿ ಯಾವ ನ್ಯಾಯಾಧೀಶರಿಗೂ ಕಡಿಮೆಯಿಲ್ಲ. ಜಯಮ್ಮ ಮತ್ತು ನಾನು ಇಬ್ಬರೂ ಗೇಟಿನ ಬಳಿ ನಿಂತಿದ್ದೆವು. ರತ್ನಮ್ಮ ನಮ್ಮ ಒಣ ಕಸ ಕೆದಕಿ ಒಂದು ಪೊಟ್ಟಣ ಬಿಚ್ಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು: “ಯಾರ್ದಮ್ಮಾ ಇದು? ಮೊಟ್ಟೆ ಸಿಪ್ಪೆ ಒಣ ಕಸದಲ್ಲಿ ಹಾಕಿರೋದು!”

ಮುಗಿಯಿತು ಎಂದುಕೊಂಡೆ. ಟ್ರಂಕು ಕಟ್ಟುವುದು, ಬ್ರೋಕರ್‌ಗೆ ಫೋನ್ ಮಾಡುವುದು, ಹದಿಮೂರನೇ ಗೇಟು, ಎಲ್ಲ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಪಕ್ಕದಿಂದ ಜಯಮ್ಮ ಅವಸರವಾಗಿ, “ನಂದೇ ಕಣಮ್ಮ, ಮೆತ್ಗೆ ಮಾತಾಡು. ತಲೆಗೂದ್ಲಿಗೆ ಹಚ್ಕೊಳಕ್ಕೆ ತಂದಿದ್ದೆ” ಎಂದರು.

“ಆರು ಮೊಟ್ಟೇನಾ? ಕೂದ್ಲು ಭಾರೀ ಉದ್ದ ಬಿಡಿ” ಎಂದು ರತ್ನಮ್ಮ ಇನ್ನೊಂದು ಪೊಟ್ಟಣ ಎತ್ತಿ ಹಿಡಿದರು. “ಮತ್ತೆ ಇದು? ಇದೂ ಕೂದ್ಲಿಗೇನಾ?”

ಒಂದು ಪೊಟ್ಟಣ ಕನ್ನಡ ಪೇಪರಿನಲ್ಲಿತ್ತು, ಇನ್ನೊಂದು ಇಂಗ್ಲಿಷ್ ಪೇಪರಿನಲ್ಲಿ. ಆ ಮನೆಗೆ ಬರುವುದು ಕನ್ನಡ ಪೇಪರು ಮಾತ್ರ. ಜಯಮ್ಮ ಇಂಗ್ಲಿಷ್ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ನಾನು ಕನ್ನಡ ಪೊಟ್ಟಣ ನೋಡಿದೆ, ಅವರನ್ನು ನೋಡಿದೆ. ರತ್ನಮ್ಮ ಇಬ್ಬರನ್ನೂ ನೋಡಿ, “ಹಸಿ ಕಸಕ್ಕೆ ಹಾಕಿ ತಾಯಂದಿರಾ, ನಾನೇನ್ ಪೊಲೀಸಾ?” ಎಂದು ಹೊರಟುಹೋದರು.

ಗೇಟು ಮುಚ್ಚಿದ ಮೇಲೆ ಜಯಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಾವು ಮಾಗಡಿ ಕಡೆಯೋರು ಕಣಮ್ಮ, ಹೊಲ ಮಾಡ್ಕೊಂಡಿದ್ದೋರು. ನಾನೆಲ್ಲಿ ಮಡಿ! ನಮ್ಮೆಜಮಾನ್ರು ನಗರ್ತಪೇಟೇಲಿ ಪಾತ್ರೆ ಅಂಗಡಿ ಇಟ್ಟು ಈ ಮನೆ ಮಾಡಿದ್ರು. ಬೋರ್ಡ್ ಬರ್ಸೋವಾಗ ಪೇಂಟರು ಪಕ್ಕದ ಮನೇದು ನೋಡ್ಕೊಂಡು ಹಂಗೇ ಬರ್ದ. ಬೀದಿಗೆಲ್ಲ ಅದೇ ಇದೆ, ನಮ್ದೊಂದು ಬೇರೆ ಯಾಕೆ ಅಂತ ಬಿಟ್ವಿ. ಆಮೇಲೆ ಆ ಬ್ರೋಕರು, ಹುಡುಗಿ ಮೊಟ್ಟೆ ವಾಸ್ನೆಗೇ ತಲೆ ಸುತ್ತಿ ಬೀಳ್ತಾಳೆ ಅಂದ. ನೀನೂ ಹಂಗೇ ಅಂದೆ. ಅವತ್ತಿಂದ ಪ್ರತಿ ಭಾನುವಾರ ಮಟನ್ ವಾಸ್ನೆ ಮುಚ್ಚಕ್ಕೆ ಸಾಂಬ್ರಾಣಿ ಹಾಕಿ ಹಾಕಿ ಸಾಕಾಗಿದೆ ನಂಗೆ!”

ಭಾನುವಾರದ ಸಾಂಬ್ರಾಣಿ! ನಮ್ಮ ಕಡೆ ಲೋಬಾನ ಅನ್ನುತ್ತೇವಲ್ಲ, ಅದೇ ಹೊಗೆ. ಕೆಳಗಿನಿಂದ ದಟ್ಟವಾಗಿ ಏಳುತ್ತಿದ್ದ ಅದನ್ನು ನೋಡಿ, ಯಾವುದೋ ಕಟ್ಟುನಿಟ್ಟಿನ ಪೂಜೆ ಎಂದುಕೊಂಡು ನಾನು ಏಳು ತಿಂಗಳ ಕಾಲ ಭಾನುವಾರ ಮೊಟ್ಟೆ ಕೂಡ ಮುಟ್ಟಿರಲಿಲ್ಲ. ನನಗೆ ಹೆದರಿ ಅವರು ಹೊಗೆ ಹಾಕುತ್ತಿದ್ದರು, ಅವರ ಹೊಗೆಗೆ ಹೆದರಿ ನಾನು ಅನ್ನ-ಮಜ್ಜಿಗೆ ತಿನ್ನುತ್ತಿದ್ದೆ.

“ಈ ಭಾನುವಾರ ಕೆಳಗೇ ಊಟ. ಮಟನ್ ಸಾರು, ಮುದ್ದೆ” ಎಂದು ಆಜ್ಞೆಯಾಯಿತು. “ಮೊದ್ಲೇ ಹೇಳ್ಬಾರ್ದಿತ್ತಾ? ನೀನೂ ನಮ್ಮೋಳೇ ಅಂತ ಗೊತ್ತಿದ್ರೆ…”

ನಮ್ಮೋಳೇ. ಏಳು ತಿಂಗಳಲ್ಲಿ ಬೆಂಗಳೂರು ನನಗೆ ಕೊಟ್ಟ ಅತಿ ಬೆಚ್ಚಗಿನ ಮಾತು ಅದು. ಮೆಟ್ಟಿಲು ಹತ್ತುತ್ತ ಹಿಮ್ಮಡಿ ನೆಲ ಬಿಟ್ಟಂತಾಗಿ ಪಕ್ಕದ ಕಂಬಿ ಹಿಡಿದುಕೊಂಡೆ. ಅವರ ‘ನಾವು’ ಎಲ್ಲಿಯ ತನಕ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮಟನ್ ತಿನ್ನುವವರ ತನಕವೋ, ಹೊಲ ಇದ್ದವರ ತನಕವೋ?

ಆ ಊಟದ ಭಾನುವಾರ ನಿನ್ನೆ. ಸಾಂಬ್ರಾಣಿ ಇರಲಿಲ್ಲ, ಆದರೆ ಬೀದಿ ಕಡೆಯ ಕಿಟಕಿ ಮುಚ್ಚಿಯೇ ಇತ್ತು. ಟೀವಿ ಹಾಕಿದರೆ ‘ಮೋಡಪಾದ ೨’ ಬರುತ್ತಿತ್ತು. ಸೋತ ಸಿನಿಮಾಗಳೆಲ್ಲ ಕೊನೆಗೆ ಭಾನುವಾರದ ಮಧ್ಯಾಹ್ನಕ್ಕೆ ಬಂದು ಸೇರುತ್ತವೆ. ನನಗೆ ಸಂತೋಷವೇ ಆಯಿತು. ಜಯಮ್ಮ ಮೊದಲ ಭಾಗ ನೋಡಿರಲಿಲ್ಲ, ಹಾಗಾಗಿ ಪೂರ್ವಗ್ರಹವಿಲ್ಲದ ತೀರ್ಪುಗಾರರು. ಹೋಳಿಗೆಯ ದೃಶ್ಯ ಬಂದಾಗ, “ಅಯ್ಯೋ, ಹಿಡ್ಕೋ, ಹಿಡ್ಕೋ, ಮೇಲ್ ಹೋಗ್ತೀಯ!” ಎಂದು ಟೀವಿಗೇ ಕೂಗಿದರು. ಕಿರಣನಿಗೆ ತೋರಿಸಬೇಕಿತ್ತು. ನಾನು ಹತ್ತು ವಾದ ಹೂಡಿ ಗೆಲ್ಲಲಾಗದ್ದನ್ನು ಆ ಸಿನಿಮಾ ತಾನೇ ಗೆದ್ದುಕೊಂಡಿತು.

ಜಾಹೀರಾತು ಬಂತು. ಜಯಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತ, ಏನೂ ವಿಶೇಷವಿಲ್ಲದ ದನಿಯಲ್ಲಿ ಕೇಳಿದರು: “ಅಂದ್ಹಂಗೆ ನೀವು ಯಾರ ಪೈಕಿ ಕಣಮ್ಮ?”

“ನಾವು ಬೌದ್ಧರು ಆಂಟಿ.”

“ಬೌದ್ಧರು ಅಂದ್ರೆ? ಬೈಲಕುಪ್ಪೆ ಹತ್ರ ಟಿಬೆಟ್‌ನೋರು ಇದಾರಲ್ಲ, ಆ ಥರಾನಾ?”

ತೆರೆದ ಬಾಗಿಲು. ಹೂಂ ಎಂದಿದ್ದರೆ ಸಾಕಿತ್ತು. ಜೇಬಿನಲ್ಲಿ ಬಟ್ಟುಗಳಿದ್ದವು, ಎರಡು ನಿಮಿಷ ಸೊಗಸಾಗಿ ಮಾತಾಡಬಲ್ಲೆ ಎಂಬುದೂ ಗೊತ್ತಿತ್ತು. ಮೆಹಬೂಬನಿಗೆ ಇಲ್ಲದ ಜೇಬು ನೆನಪಾಯಿತು.

“ಅಲ್ಲ ಆಂಟಿ. ನಮ್ಮ ಮುತ್ತಜ್ಜ ಊರ ಹೊರಗಿನ ಕೇರಿಯವರು. ಊರೊಳಗೆ ಯಾರೂ ಅವರಿಗೆ ನೀರು ಕೊಡ್ತಿರಲಿಲ್ಲ. ಅದಕ್ಕೇ ಅಜ್ಜ ಬೌದ್ಧರಾದ್ರು.”

ಜಯಮ್ಮ “ಓ” ಎಂದರು. ಸೌಟು ಪಾತ್ರೆಯೊಳಕ್ಕೆ ಹೋಯಿತು. ಜಾಹೀರಾತು ಮುಗಿದು ಗಾಳಿ ಎದ್ದಿತು, ಗೋಡೆ ಬಿರಿಯಿತು, ಮೋಡಪಾದ ಬೆನ್ನು ಕೊಟ್ಟು ನಿಂತ. ಇಬ್ಬರೂ ಟೀವಿ ನೋಡಿದೆವು. ಅವರು, “ಪಾಪ, ಬೆನ್ನು ನೋಯಲ್ವಾ ಅವನಿಗೆ? ಆ ಯಮ್ಮಂಗೆ ಒಂಚೂರೂ ಗೊತ್ತಾಗಲ್ವಲ್ಲ” ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಸಿನಿಮಾದ ಪರವಾದ ನನ್ನ ವಾದವನ್ನು ನಾನು ಬಿಟ್ಟುಕೊಡುವುದಿಲ್ಲ. ಇವತ್ತಿಗೂ ಅದು ಮೊದಲ ಭಾಗಕ್ಕಿಂತ ದೊಡ್ಡ ಚಿತ್ರ. ಆದರೆ ಅದರ ಕೊನೆಯ ‘ಹೌದಮ್ಮ’ ಒಂದರ ಬಗ್ಗೆ ಮೆಹಬೂಬನಿಗೆ ಒಂದು ಅಂಕ ಕೊಡುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನನ್ನ ವಿಳಾಸ ಇದೇ ಇರುತ್ತದೋ ಇಲ್ಲವೋ ಹೇಳಲಾರೆ. ಬುದ್ಧನ ಪಟ ಮಾತ್ರ ಟ್ರಂಕಿನಿಂದ ಹೊರಗೆ ಬಂದಿದೆ. ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಊರಿನಲ್ಲಿದ್ದೇನೆ ಅನ್ನಿಸುತ್ತದೆ, ತಲೆಯೆತ್ತಿದರೆ ಇಲ್ಲ.

ನಿನ್ನೆ ಕೊನೆಗೆ ಪರದೆಯ ಮೇಲೆ ಮುದುಕಿ ಗೋಡೆ ತಟ್ಟಿದಳು. ಹೆಸರುಗಳು ಓಡತೊಡಗಿದವು. ಜಯಮ್ಮ ಟೀವಿ ಆರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ನಾನು ಎಂಜಲು ಕೈಯಲ್ಲೇ ಕೂತು ಕೇಳಿದೆ:

“ಆಂಟಿ, ಅವನು ಮೊದಲನೇ ದಿನವೇ ಗೇಟಿನ ಹತ್ರ ನಿಂತು, ನಾನು ಇಂಥವನು ಅಂತ ನಿಜ ಹೇಳಿದ್ದಿದ್ರೆ, ನೀವಾಗಿದ್ರೆ ಮನೆ ಕೊಡ್ತಿದ್ರಾ?”